ಮಕ್ಕಳು ನಿದ್ದೆ ಮಾಡದ ರಜೆ

ಹೆದರುವವರ ಮೇಲೆ ಹಾವು ಎಸೆದರು ಅಂತ ಗಾದೆ. ನನ್ನ ಮೇಲೆ ಯಾರೂ ಎಸೆಯುವ ಕಷ್ಟ ತೆಗೆದುಕೊಳ್ಳಬೇಕಿಲ್ಲ, ಹಾವು ಎಲ್ಲಿದೆ ಅಂತ ನಾನೇ ಹುಡುಕಿಕೊಂಡು ಹೋಗುತ್ತೇನೆ. ಹಾಗಾಗಿ ಇಂಥ ಫಜೀತಿಗಳು ನನಗೆ ಆಗುತ್ತಲೇ ಇರುತ್ತವೆ.

ನಮ್ಮ ಮನೆಯವರು ಜಾಂಬಿಯಾದ ಒಂದು ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದರು. ಎಪ್ಪತ್ತರ ದಶಕದ ಒಂದು ಡಿಸೆಂಬರಿನಲ್ಲಿ, ಐದು ವರ್ಷದ ಮೇಲೆ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಬಂದೆವು. ಮಗನಿಗೆ ಆರು, ಮಗಳಿಗೆ ನಾಲ್ಕು. ಅತ್ತೆಮನೆ ಶಿಕಾರಿಪುರದಲ್ಲಿ. ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದ ಅಕ್ಕನ ಮನೆ ಸೊರಬದಾಚೆ, ಕ್ಯಾಸನೂರಿನ ಕಡೆ, ಕಾಡಿನ ಅಂಚಿನಲ್ಲಿ. ನನ್ನ ಮಗಳನ್ನು ಅಕ್ಕ ಇನ್ನೂ ಕಂಡೇ ಇರಲಿಲ್ಲ.

ಹೋಗದಿದ್ದರೆ ಅಕ್ಕ ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ. ಹೋದರೆ ಮಂಗನ ಕಾಯಿಲೆ. ಕಾಡಿನಲ್ಲಿ ಮಂಗ ಸಾಯುತ್ತದೆ, ಅಲ್ಲಿನ ಎಳ್ಳಿನಷ್ಟು ಉಣುಗು ಹುಳ ಮನುಷ್ಯರನ್ನು ಕಚ್ಚುತ್ತದೆ, ಆಮೇಲೆ ಜ್ವರ. ನಾವು ಬಂದದ್ದು ಸರಿಯಾಗಿ ಅದರ ಕಾಲಕ್ಕೇ. ಹೋಗುವುದೋ ಬಿಡುವುದೋ ಅಂತ ಮೂರು ವಾರ ಅತ್ತೆಮನೆಯಲ್ಲೇ ಕಳೆದೆ.

೧. ಕುದಿಸಿದ್ದೀರಾ?

ಕುದಿಸದೆ ಇದ್ದದ್ದನ್ನು ಕುಡಿಯಬಾರದು ಅಂತ ಮಕ್ಕಳಿಗೆ ಜಾಂಬಿಯಾದಲ್ಲೇ ಕಟ್ಟುನಿಟ್ಟು ಮಾಡಿದ್ದೆ. ಬಂದ ಮಾರನೇ ದಿನ ಅತ್ತೆ ಪ್ರೀತಿಯಿಂದ ಮಜ್ಜಿಗೆ ಲೋಟ ಹಿಡಿದರೆ, ಮಗ ಪಕ್ಕದ ಮನೆಯವರ ಎದುರಿಗೇ ಕೇಳಿದ, "ಇದನ್ನ ಕುದಿಸಿದ್ದೀರಾ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆ ಲೋಟ ತೆಗೆದುಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅದೇ ಲೋಟ ಬಂತು. ಮೇಲೆ ನೀರು, ಕೆಳಗೆ ಗಂಟುಗಂಟು.

"ಕುದಿಸೀನಪ್ಪ, ಒಡದು ಹೋತು," ಅಂದರು ಅತ್ತೆ. "ಐದು ವರ್ಷದಿಂದ ಇದನ್ನ ಹೆಂಗ ಕುಡೀತಿದ್ರಿ? ನನ್ನ ಮಗ ಒಂದು ಕಾಗದದಾಗೂ ಬರೀಲಿಲ್ಲ."

೨. ಕುರಿಮರಿ

ನಾಲ್ಕನೇ ವಾರ ಅಕ್ಕನ ಕಾಗದ ಬಂತು. "ಮಕ್ಕಳ ಮುಖ ತೋರಿಸದೇ ವಿಮಾನ ಹತ್ತುತ್ತೀಯೇನೆ?" ಅಂತ ಒಂದೇ ಸಾಲು. ನಮ್ಮ ಮನೆಯವರು ಹೊಲದ ಪಹಣಿ ಸರಿಮಾಡಿಸಲು ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದರು. ನಾನೇ ಮಕ್ಕಳನ್ನು ಕರೆದುಕೊಂಡು ಸೊರಬದ ಬಸ್ಸು ಹತ್ತಿದೆ. ಉಣುಗು ನುಸುಳಬಾರದು ಅಂತ ಮಕ್ಕಳಿಗೆ ಉದ್ದ ತೋಳಿನ ಅಂಗಿ, ಕಾಲುಚೀಲ, ಕಿವಿ ಮುಚ್ಚುವ ಉಲ್ಲನ್ ಟೋಪಿ ಹಾಕಿದ್ದೆ. ಮಧ್ಯಾಹ್ನದ ಬಿಸಿಲಿಗೆ ಎರಡೂ ಬೆವರಿ, ಕೆಂಪಾಗಿ, ತೂಕಡಿಸುತ್ತಿದ್ದವು.

ದಾರಿಯಲ್ಲಿ ಒಬ್ಬ ಕುರಿಯವನು ಹತ್ತಿ, ಕಂಬಳಿಯಲ್ಲಿ ಸುತ್ತಿದ ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮ ಪಕ್ಕದಲ್ಲೇ ಕೂತ. ತಡೆಯಲಾರದೆ ಮರಿಯ ಕಿವಿ ಎತ್ತಿ ನೋಡಿದೆ.

"ಏನು ನೋಡ್ತೀರ ಅಮ್ಮಾರೆ?"

"ಉಣುಗು ಇದೆಯಾ ಅಂತ."

"ಒಂದೂ ಇಲ್ಲ ಬಿಡ್ರಿ. ನಿನ್ನೆನೇ ಹೆಕ್ಕಿ ತೆಗದೀನಿ," ಅಂದ. ಆಮೇಲೆ ನನ್ನ ಮಕ್ಕಳನ್ನು ಮೇಲಿಂದ ಕೆಳಗೆ ನೋಡಿದ. "ಇವಕ್ಕೆ ಏನು ಜಡ್ಡು?"

"ಏನೂ ಇಲ್ಲಪ್ಪ."

ಅವನು ನಂಬಲಿಲ್ಲ. ಮರಿಯ ಮುಖಕ್ಕೆ ಕಂಬಳಿ ಮುಚ್ಚಿಕೊಂಡು ಹಿಂದಿನ ಸೀಟಿಗೆ ಹೋಗಿ ಕೂತ.

೩. ಚಕ್ಕುಲಿ

ಅಕ್ಕನನ್ನು ಕಂಡು ನನಗೆ ಕಣ್ಣು ತುಂಬಿ ಬಂತು. ಅಕ್ಕ ನನ್ನನ್ನು ತಬ್ಬಿಕೊಂಡಳು. ಮಕ್ಕಳನ್ನು ಮಾತ್ರ ಎತ್ತಿಕೊಳ್ಳಲಿಲ್ಲ. ಮಗಳು ತಾನಾಗಿ ಮಡಿಲಿಗೆ ಹೋದರೆ, "ಹೋಗು ಪುಟ್ಟಿ, ಓಡಾಡು," ಅಂತ ಕೆಳಗಿಳಿಸಿದಳು. ತಡಮಾಡಿ ಬಂದದ್ದಕ್ಕೆ ಕೋಪ ಅಂದುಕೊಂಡೆ.

ನಾನು ದಿನಕ್ಕೆ ಮೂರು ಸಲ ಮಕ್ಕಳ ಬಟ್ಟೆ ಬಿಚ್ಚಿ ಕಂಕುಳು, ಕಿವಿ ಹಿಂದೆ, ಬೆರಳ ಸಂದು ಎಲ್ಲ ತಡಕುತ್ತಿದ್ದೆ. ಮೈಗೆ ಅಂಟಿದ್ದ ಒಂದು ಎಳ್ಳನ್ನೂ ಉಣುಗು ಅಂತ ಕಿತ್ತು ಬೆಂಕಿಗೆ ಹಾಕಿದ್ದಾಯಿತು. ಅಕ್ಕನದು ಬೇರೆಯೇ ಕಾಟ. ಮಧ್ಯಾಹ್ನ ಮಗು ಕಣ್ಣು ಮುಚ್ಚಿದರೆ ಸಾಕು, "ಏಳು, ಚಕ್ಕುಲಿ ತಿನ್ನು," ಅಂತ ಅಲುಗಾಡಿಸುವಳು. ಮತ್ತೆ ತೂಕಡಿಸಿದರೆ ಮುಖಕ್ಕೆ ತಣ್ಣೀರು. ಬೆಳಿಗ್ಗೆ ಕೋಳಿ ಕೂಗುವ ಮೊದಲೇ ಎಬ್ಬಿಸಿ ಕೂರಿಸುವಳು.

ಮೂರು ದಿನಕ್ಕೆ ಮಕ್ಕಳ ಕಣ್ಣು ಗುಳಿ ಬಿದ್ದವು. ಇದು ಜ್ವರದ ಮುನ್ಸೂಚನೆಯೇ ಅಂತ ತಾಸಿಗೊಮ್ಮೆ ಹಣೆ ಮುಟ್ಟಿ ನೋಡತೊಡಗಿದೆ. ಬಾವ ಒಬ್ಬರೇ ನೆಮ್ಮದಿಯಾಗಿದ್ದರು. "ನಿಮ್ಮ ಮಕ್ಕಳು ಎಷ್ಟು ಚಕ್ಕುಲಿ ತಿಂತಾವೆ ಮಾರಾಯ್ತಿ," ಅಂದರು. "ಡಬ್ಬ ಖಾಲಿ. ನನಗೆ ಒಂದೂ ಸಿಗಲಿಲ್ಲ."

೪. ಮಂಗನ ಡಾಕ್ಟ್ರು

ನಾಲ್ಕನೇ ದಿನ ಬೆಳಿಗ್ಗೆ ಅಂಗಳದಲ್ಲಿ ಸೈಕಲ್ ನಿಂತಿತು. ಬಂದವರು ಆರೋಗ್ಯ ಇಲಾಖೆಯವರು. ಕಾಡಂಚಿನ ಊರುಗಳಲ್ಲಿ ಮಂಗ ಸತ್ತಿದೆಯೇ ಅಂತ ವಿಚಾರಿಸುತ್ತ ತಿರುಗುವುದು ಅವರ ಕೆಲಸ. ಡಾಕ್ಟರಲ್ಲದಿದ್ದರೂ ಊರಿಗೆಲ್ಲ ಅವರು ಮಂಗನ ಡಾಕ್ಟ್ರು.

"ಎಲ್ಲಿ ಸತ್ತಿದೆ? ಎಷ್ಟು ದೂರ?" ಅಂತ ಕೇಳಿದೆ.

"ಮಂಗ ಎಲ್ಲೂ ಸತ್ತಿಲ್ಲಮ್ಮ. ಈ ಸೀಮೆಯಲ್ಲಿ ಈ ವರ್ಷ ಯಾರಿಗೂ ಜ್ವರ ಇಲ್ಲ," ಅಂದರು ಅವರು. "ನಾನು ನಿಮ್ಮ ಮಕ್ಕಳನ್ನ ನೋಡಕ್ಕೆ ಬಂದಿದ್ದು. ನಿಮ್ಮಕ್ಕ ಹೇಳಿ ಕಳಿಸಿದ್ರು."

ಅಕ್ಕ ಸೆರಗಿನ ತುದಿ ಹಿಡಿದು ನಿಂತಿದ್ದಳು. ನನಗೆ ಕಾಗದ ಹಾಕಿದ ಮಾರನೇ ದಿನವೇ ಆ ಊರಿನ ಶಾಲೆಯ ಮೇಷ್ಟ್ರು ಅವಳಿಗೆ ಹೇಳಿದ್ದರಂತೆ: ಆಫ್ರಿಕಾದಲ್ಲಿ ಒಂದು ನೊಣ ಇದೆ, ಅದು ಕಚ್ಚಿದವರು ಮಲಗಿ ಮಲಗಿಯೇ ಸತ್ತುಹೋಗುತ್ತಾರೆ.

"ಬಸ್ಸಿಂದ ಇಳೀಬೇಕಾದ್ರೇ ಎರಡೂ ನಿದ್ದೆಗಣ್ಣಲ್ಲಿದ್ವು," ಅಂದಳು ಅಕ್ಕ. "ನಿಂಗೆ ಹೇಳಿದ್ರೆ ನೀನು ಹೆದರಿ ಸಾಯ್ತೀಯ. ಮಡಿಲಿಗೆ ಹಾಕ್ಕೊಂಡ್ರೆ ಮಲಗಿಬಿಡ್ತಾವೆ ಅಂತ ಎತ್ಕೊಳ್ಳಲೂ ಇಲ್ಲ ಮಾರಾಯ್ತಿ."

ಆ ನೊಣವನ್ನು ನಾನು ಐದು ವರ್ಷದಲ್ಲಿ ಒಂದು ದಿನವೂ ಕಂಡಿರಲಿಲ್ಲ. ಅಕ್ಕನಿಗೆ ಕೋಪ ಅಂದುಕೊಂಡ ನನ್ನ ಬುದ್ಧಿಗೆ ನನಗೇ ನಾಚಿಕೆಯಾಯಿತು.

ಮಂಗನ ಡಾಕ್ಟ್ರು ಮಕ್ಕಳ ಹಣೆ ಮುಟ್ಟಿ, ಕಣ್ಣು ಬಿಡಿಸಿ ನೋಡಿ, ಮಗಳನ್ನು ಕೇಳಿದರು, "ನಿಂಗೆ ಏನಾಗ್ತಿದೆ ಪುಟ್ಟಿ? ಯಾವ ಹುಳ ಕಚ್ಚುತ್ತೆ?"

ಮಗಳು ನನ್ನ ಕಡೆ ಬೆರಳು ತೋರಿಸಿದಳು. "ಹುಳ ಇಲ್ಲ. ಅಮ್ಮ ಅಂಗಿ ಬಿಚ್ಚಿ ಚಿವುಟ್ತಾಳೆ." ಬೆರಳು ಅಕ್ಕನ ಕಡೆ ತಿರುಗಿತು. "ದೊಡ್ಡಮ್ಮ ನೀರು ಹಾಕ್ತಾಳೆ."

ಅವರು ಎದ್ದು ಸೈಕಲ್ ಹಿಡಿದರು. "ಮಕ್ಕಳಿಗೆ ಕಾಯಿಲೆ ಇಲ್ಲ. ಇರೋದು ನಿಮ್ಮಿಬ್ಬರಿಗೆ, ಅದಕ್ಕೆ ಇಲಾಖೆಯಲ್ಲಿ ಔಷಧಿ ಇಲ್ಲ. ಮೊದಲು ಮಕ್ಕಳನ್ನ ಮಲಗೋಕೆ ಬಿಡಿ."

ಅಕ್ಕ ಜಗುಲಿಯ ಮೇಲೆ ಕಾಲು ಚಾಚಿ ಕೂತು ಎರಡು ಕೈಯನ್ನೂ ಚಾಚಿದಳು. ಮಕ್ಕಳು ಹೋಗಿ ಮಡಿಲಿಗೆ ಬಿದ್ದವು, ಬಿದ್ದಲ್ಲೇ ನಿದ್ದೆ. ಊಟದ ಹೊತ್ತು ಮೀರಿತು. ಕಾಲು ಜೋಮು ಹಿಡಿದರೂ ಅಕ್ಕ ಅಲುಗಲಿಲ್ಲ, ಮಗಳ ಕೂದಲು ನೇವರಿಸುತ್ತಲೇ ಇದ್ದಳು.

ಮಗಳ ಕಿವಿಯ ಹಿಂದೆ ಏನೋ ಕಪ್ಪಗೆ ಕಂಡಂತಾಗಿ ನಾನು ಮೆಲ್ಲಗೆ ಕೈ ಚಾಚಿದೆ.

ಅಕ್ಕ ನನ್ನ ಕೈಮೇಲೆ ಪಟ್ಟೆಂದು ಹೊಡೆದು ಪಿಸುಗುಟ್ಟಿದಳು, "ಅದು ನಾನೇ ಇಟ್ಟ ದೃಷ್ಟಿಬೊಟ್ಟು. ಸುಮ್ನಿರು, ಮಗು ಎದ್ದುಬಿಡುತ್ತೆ."