ಅಂದಾನಪ್ಪನವರ ಗಾಜಿನ ದೋಣಿ

“ಬೀಗರ ಮೈಮ್ಯಾಲೆ ಒಂದ ಹನಿ ಬೀಳಬಾರದು. ಕುಂತಲ್ಲೇ ಕುಂತು ಗಾಜಿನಾಗಿಂದ ನಮ್ಮ ಗದ್ದಿ ನೋಡಬೇಕು!”

ಅಂದಾನಪ್ಪನವರು ಹೀಗೆ ಶಪಥ ಮಾಡಿದ್ದನ್ನು ಕೇಳಿದ್ದರೆ ಭೀಷ್ಮ ತನ್ನದನ್ನು ವಾಪಸು ತೆಗೆದುಕೊಳ್ಳುತ್ತಿದ್ದ. ದಾಸನಕೊಪ್ಪದಾಚೆಯ ಅವರ ಹಳ್ಳಿಗೆ ಮಳೆಗಾಲದಲ್ಲಿ ದೋಣಿಯೇ ಗತಿ. ವರದೆ ಉಕ್ಕಿ ತಗ್ಗಿನ ಗದ್ದೆಗಳ ಮೇಲೆಲ್ಲ ನಿಲ್ಲುತ್ತಿದ್ದಳು. ಮುಂಬಯಿ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದಿತ್ತು, ಸೇತುವೆ ಮಾತ್ರ ಬಂದಿರಲಿಲ್ಲ. ಹೋದ ವರ್ಷ ಮಗಳು ಶಾರದೆಯನ್ನು ನೋಡಲು ಹೊರಟವರು ತೆರೆದ ದೋಣಿಯಲ್ಲಿ ತೊಯ್ದು ತೊಪ್ಪೆಯಾಗಿ, ಇಂಥ ಊರಿನ ನಂಟೇ ಬೇಡವೆಂದು ಹಿಂದಿರುಗಿದ್ದರು. ಈ ಸಲ ಕೂಡಿಬಂದ ಸಂಬಂಧವೂ ತಪ್ಪಿದರೆ ಶಾರದೆಗೆ ಇನ್ನೆಲ್ಲಿ ಗಂಡು ಹುಡುಕುವುದು?

ಅದಕ್ಕೇ ಅವರು ಕುಮಟೆಯ ಕಡೆಯಿಂದ ಒಂದು ಹಳೆಯ ದೋಣಿಯನ್ನು ಲಾರಿಯಲ್ಲಿ ತರಿಸಿದರು. ಅದರ ನಡುವೆ ಪುಟ್ಟ ಕೋಣೆ, ಸುತ್ತ ಗಾಜಿನ ಕಿಟಕಿ. ಒಂದೇ ಕುಂದು. ಒಳಗೆ ಜನ ಕೂತರೆ ಸಾಕು, ಗಾಜಿಗೆ ಮಂಜು ಹಿಡಿದು ಹೊರಗಿನದೇನೂ ಕಾಣುತ್ತಿರಲಿಲ್ಲ.

ಅಂದಾನಪ್ಪನವರಿಗೆ ಗೊತ್ತಿಲ್ಲದ ವಿದ್ಯೆ ಯಾವುದು? ಮಂಜು ಹೊರಗಿನಿಂದ ನುಗ್ಗುತ್ತದೆ ಎಂದು ತೀರ್ಪು ಕೊಟ್ಟು, ಸಂದುಸಂದಿಗೂ ಗೋಣಿತಾಟು ತುರುಕಿಸಿದರು. ಶಿರಸಿ ಬಸ್ಸಿನ ಡ್ರೈವರುಗಳು ಮಳೆಯಲ್ಲಿ ಗಾಜಿನ ಹೊರಮೈಗೆ ತಂಬಾಕು ತಿಕ್ಕುವುದನ್ನು ಕಂಡಿದ್ದವರು, ಒಳಮೈಗೇ ತಿಕ್ಕಿಸಿದರು. ಉರಿಯುವ ಕಂದೀಲಿನ ಗಾಜಿಗೆ ಎಂದಾದರೂ ಮಂಜು ಹಿಡಿದೀತೇ ಎಂದು ಒಳಗೊಂದು ಕೆಂಡದ ಅಗ್ಗಿಷ್ಟಿಕೆ ಇಡಿಸಿದರು. ಕೆಂಡ ಸುಮ್ಮನೆ ಯಾಕೆ ಹಾಳಾಗಬೇಕೆಂದು ಅದರ ಮೇಲೆ ಬೀಗರಿಗೆ ಹಾಲಿನ ಪಾತ್ರೆಯನ್ನೂ ಏರಿಸಿದರು.

ಹೆಂಡತಿ ನೀಲಗಂಗವ್ವ ಅಂಗಳದಲ್ಲಿ ಕಂದೀಲಿನ ಗಾಜಿಗೆ ‘ಹಾ’ ಎಂದು ಉಸಿರೂದಿ ಒರೆಸುತ್ತಿದ್ದವಳು, “ಇಲ್ಲಿ ನೋಡ್ರಿ, ಈ ಮಂಜು ಎಲ್ಲಿಂದ ಬಂತು...” ಎಂದು ಬಾಯಿ ತೆರೆದಳು. ಗಂಡಸರ ಕೆಲಸದಲ್ಲಿ ಹೆಂಗಸರು ಮೂಗು ತೂರಿಸಬಾರದೆಂದು ಅವರು ಅಲ್ಲಿಗೇ ತಡೆದರು. ಗಳ ಹಾಕಿ ದೋಣಿ ತಳ್ಳುವ ಕೆರಿಯಪ್ಪನಿಗೂ ಅದೇ ಅಪ್ಪಣೆ. ಒಳಗಿನಿಂದ ತಾವು ಹೇಳಿದತ್ತ ತಳ್ಳಬೇಕು, ನಡುವೆ ಬಾಯಿ ಹಾಕಬಾರದು.

ಆಚೆ ದಂಡೆಯಲ್ಲಿ ಬೀಗರಾಗಲಿದ್ದ ಪರಮೇಶ್ವರಪ್ಪ, ಅವರ ಹೆಂಡತಿ ಗುರುಶಾಂತವ್ವ, ಮದುವೆಯ ವಯಸ್ಸಿಗೆ ಬಂದ ಮಗ, ಮೂವರೂ ಗಾಡಿಯಿಳಿದು ದೋಣಿ ಹತ್ತಿದರು. ಅಂದಾನಪ್ಪನವರು ಬಾಗಿಲು ಬಿಗಿದು ಭಾಷಣ ಶುರು ಮಾಡಿದರು. ಅಗೋ ನಮ್ಮ ಗದ್ದೆ, ಅಗೋ ನಮ್ಮ ಕಣ, ಅಗೋ ನಮ್ಮ ಹುಣಸೆಮರ! ಬೀಗರಿಗೆ ಕಂಡದ್ದು ಬರೀ ಬೆಳ್ಳನೆಯ ಗೋಡೆ. ಹಾಲು ಕುದಿಯಿತು, ಉಗಿ ತುಂಬಿತು, ಗಾಜಿನ ತಂಬಾಕು ಕರಗಿ ಕಂದು ನೀರಾಗಿ ಇಳಿಯಿತು. ಅದರ ಘಾಟಿಗೆ ಗುರುಶಾಂತವ್ವ ಸೀನಿದರು.

ಹೆಣ್ಣು ನೋಡಲು ಹೊರಟಾಗ ಒಂಟಿ ಸೀನು! ಹಾಲು ನೋಡಿಕೊಳ್ಳಲು ದೋಣಿಯಲ್ಲಿ ಜೊತೆಗೆ ಬಂದಿದ್ದ ನೀಲಗಂಗವ್ವ ಶಿವಶಿವಾ ಎಂದಳು. ಜೋಡಿ ಸೀನಾದರೆ ದೋಷವಿಲ್ಲವೆಂದು ಅಂದಾನಪ್ಪನವರು ಇನ್ನೊಂದಕ್ಕಾಗಿ ಕಾದರು. ಕಾಯುವ ಕಷ್ಟವೇ ಬರಲಿಲ್ಲ. ಮದುಮಗ ಸೀನಿದ, ಅವನಪ್ಪ ಸೀನಿದರು, ಆಮೇಲೆ ಶಕುನದ ಲೆಕ್ಕ ಇಡುವವರೇ ಉಳಿಯಲಿಲ್ಲ. ಅಂದಾನಪ್ಪನವರು ಮಾತ್ರ ಶಲ್ಯದಿಂದ ಗಾಜು ಒರೆಸುತ್ತಾ, ಎಡಕ್ಕೆ, ಇನ್ನೂ ಎಡಕ್ಕೆ ಎಂದು ಕೂಗುತ್ತಲೇ ಇದ್ದರು.

ಕಡೆಗೆ ಮರದಂಥದೇನೋ ಮಸುಕಾಗಿ ಕಂಡಿತು. ದೋಣಿ ನೆಲ ಮುಟ್ಟಿತು. ಅವರು ರುಮಾಲು ಸರಿಪಡಿಸಿಕೊಂಡು ಬಾಗಿಲು ತೆರೆದು ಕೈಮುಗಿದರು.

“ಬರ್ರಿ, ನಮ್ಮೂರಿಗೆ ಬರ್ರಿ!”

ಪರಮೇಶ್ವರಪ್ಪ ಕಣ್ಣೊರೆಸಿಕೊಂಡು ಇಳಿದರು. ಎದುರಿಗಿದ್ದ ಎತ್ತು ಅವರ ಕೈ ನೆಕ್ಕಿತು.

“ಇದು ನಮ್ಮ ಎತ್ತು,” ಎಂದರು ಅವರು. “ನಾವು ಗಾಡಿ ಬಿಟ್ಟ ಜಾಗಾನ ಇದು.”

ಅಂದಾನಪ್ಪನವರು ಕೆರಿಯಪ್ಪನ ಮೇಲೆ ಹರಿಹಾಯ್ದರು. “ಬಾಯಿ ಹಾಕಬ್ಯಾಡ ಅಂದಿದ್ರಿ, ಸಾವ್ಕಾರ್ರ,” ಎಂದು ಅವನು ಗಳ ಒರಗಿಸಿ ಎಲೆಯಡಿಕೆ ತೆಗೆದ.

ಬೀಗರು ಗಾಡಿಯತ್ತ ತಿರುಗಿದರು. ಮಗಳ ಮದುವೆ ಗಾಡಿ ಹತ್ತಿ ಹೋಗುವುದರಲ್ಲಿತ್ತು. ನೀಲಗಂಗವ್ವ ಸೆರಗು ಕಟ್ಟಿ ಗೋಣಿತಾಟು ಕಿತ್ತೆಸೆದಳು, ಕೆಂಡವನ್ನು ಹೊಳೆಗೆ ಸುರಿದಳು, ಗಾಜು ಒರೆಸಿದಳು. ಆಮೇಲೆ ಗಂಡನ ಕೈಗೆ ಕೊಡೆ ಕೊಟ್ಟು ಕೆರಿಯಪ್ಪನ ಪಕ್ಕ ಹೊರಗೆ ಕೂರಿಸಿದಳು. “ಒಂದ ಸಲ ನನ್ನ ಮಾತು ಕೇಳ್ರಿ ಅಕ್ಕಾರ,” ಎಂದು ಗುರುಶಾಂತವ್ವನ ಕೈ ಹಿಡಿದು ಹತ್ತಿಸಿಕೊಂಡಳು. ಅಪ್ಪ, ಮಗ ಹಿಂದೆಯೇ ಹತ್ತಿದರು.

ಈ ಸಲ ಗಾಜು ತಿಳಿಯಾಗಿಯೇ ಇತ್ತು. ಗದ್ದೆ ಕಂಡಿತು, ಕಣ ಕಂಡಿತು, ಹುಣಸೆಮರವೂ ಕಂಡಿತು. ಗುರುಶಾಂತವ್ವ ಮೆಲ್ಲಗೆ ಕೇಳಿದರು.

“ಹುಡುಗಿ ಯಾರ ಹಂಗ್ರಿ? ನಿಮ್ಮ ಹಂಗೋ, ಅವರಪ್ಪನ ಹಂಗೋ?”

“ನನ್ನ ಹಂಗ.”

“ಹಂಗಾದ್ರ ಒಪ್ಪಿಗಿ ಅಂತ ತಿಳೀರಿ.”

ಹೊರಗೆ ತೊಯ್ಯುತ್ತಿದ್ದ ಅಂದಾನಪ್ಪನವರಿಗೆ ಇದು ಕೇಳಿಸಿತು. ಹಿಗ್ಗು ತಡೆಯಲಾರದೆ ಕಿಟಕಿಗೆ ಮುಖವೊತ್ತಿ, ಇದೆಲ್ಲ ತಮ್ಮ ಗಾಜಿನ ದೋಣಿಯ ಪ್ರತಾಪವೆಂದು ಹೊಸ ಭಾಷಣ ತೆಗೆದರು. ಆ ಗಾಜೊಂದೇ ಹೊರಗಿನಿಂದ ಮೆಲ್ಲಗೆ ಬೆಳ್ಳಗಾಯಿತು. ಗುರುಶಾಂತವ್ವ ಸೆರಗಿನಿಂದ ಒರೆಸಿದರು, ಹೋಗಲಿಲ್ಲ. ಮತ್ತೆ ಒರೆಸಿದರು.

“ಬಿಡ್ರಿ ಅಕ್ಕಾರ,” ಎಂದಳು ನೀಲಗಂಗವ್ವ. “ಮದುವ್ಯಾದಾಗಿಂದ ಒರಸಾಕ ಹತ್ತೀನಿ. ಅದು ಹೋಗೂ ಪೈಕಿ ಅಲ್ಲ.”