ಅರಳಿ ಮರದ ಸುತ್ತ ನಾಲ್ಕು ಬಾಣ

ಫೆಬ್ರವರಿ ಹನ್ನೆರಡು, ಸೋಮವಾರ, ಬೆಳಿಗ್ಗೆ ಆರು ಹತ್ತು. ಕಾಲೊನಿಯ ಉದ್ಯಾನದ ಕಲ್ಲುಬೆಂಚಿನ ಮೇಲೆ ಕೂತು ಇದನ್ನು ಬರೆಯಲು ತೊಡಗಿದ್ದೇನೆ. ಜನರಿಂದ ತೆರಿಗೆ ಕಟ್ಟಿಸಬಹುದು, ಬಿಸಿಲಲ್ಲಿ ಸಾಲು ನಿಲ್ಲಿಸಬಹುದು, ಬಾಳೆಹಣ್ಣು ಕೊಡುತ್ತೇವೆಂದು ಹೇಳಿ ರಕ್ತವನ್ನೂ ಕೊಡಿಸಬಹುದು. ಆದರೆ ಅವರನ್ನು ಒಂದು ಕ್ರಮಕ್ಕೆ ಒಳಪಡಿಸಿ ಆರಾಮವಾಗಿ ಇರಿಸುವುದು ಮಾತ್ರ ಯಾರಿಂದಲೂ ಆಗುವ ಕೆಲಸವಲ್ಲ. ಮನರಂಜನೆಯ ಹೊಣೆ ಹೊತ್ತವರ ಮುಖ ಯಾಕೆ ಸದಾ ಗಂಟಿಕ್ಕಿಕೊಂಡಿರುತ್ತದೆ ಎಂದು ಮೊದಲು ನನಗೆ ಆಶ್ಚರ್ಯವಾಗುತ್ತಿತ್ತು. ಈಗ ಕನ್ನಡಿ ನೋಡಿಕೊಂಡರೆ ಸಾಕು, ತಿಳಿಯುತ್ತದೆ.

ನಾನು ನಾಚಾರಂನ ಒಂದು ಕಾರ್ಖಾನೆಯಲ್ಲಿ ಸ್ಟಾಕು ನೋಡಿಕೊಳ್ಳುವವಳು. ನಾರಾಯಣಗೂಡದ ನಮ್ಮ ಕಾಲೊನಿಯ ಸಂಘದವರು ಸಭೆ ಸೇರಿದ ದಿನ ನಾನು ಗೋದಾಮಿನಲ್ಲಿ ಡಬ್ಬಿ ಎಣಿಸುತ್ತಿದ್ದೆ. ಮನೆಗೆ ಬರುವ ಹೊತ್ತಿಗೆ ಉದ್ಯಾನ ಮತ್ತು ಮನರಂಜನಾ ಕಾರ್ಯದರ್ಶಿಯಾಗಿದ್ದೆ. ಸಭೆಗೆ ಬಾರದವರನ್ನು ಆರಿಸುವುದು ನಮ್ಮಲ್ಲಿ ರೂಢಿ, ಯಾಕೆಂದರೆ ಬಂದವರು ಬೇಡವೆಂದು ಹೇಳಿಬಿಡುತ್ತಾರೆ. ಜೊತೆಗೆ ನನಗೆ ಇನ್ನೊಂದು ಅರ್ಹತೆಯೂ ಇತ್ತು. ಒಂಬತ್ತನೆಯ ತರಗತಿಯಿಂದ ನಾನು ದಿನಚರಿ ಬರೆಯುತ್ತೇನೆ. ಹಾಲು ಎಷ್ಟು ಗಂಟೆಗೆ ಬಂತು, ಬಸ್ಸು ಎಷ್ಟು ತಡವಾಯಿತು, ಎಲ್ಲವೂ ಅದರಲ್ಲಿರುತ್ತದೆ. ಅವ್ವ ಇದನ್ನು ಯಾರದೋ ಮನೆಯ ಅರಿಶಿನ ಕುಂಕುಮದಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಳು. ಹೆಮ್ಮೆಯ ಮಾತು ಸಂಘದವರೆಗೂ ಹೋಯಿತು.

ಅಂದಿನಿಂದ ನನ್ನ ಕಷ್ಟಕಾಲ ಶುರುವಾಯಿತು. ಕೇರಂ ಪಂದ್ಯ ಇಟ್ಟರೆ ಉಪಾಂತ್ಯದ ಹಿಂದಿನ ದಿನ ಸ್ಟ್ರೈಕರ್ ಮಾಯವಾಯಿತು. ಮಕ್ಕಳ ಚಿತ್ರಸ್ಪರ್ಧೆಯಲ್ಲಿ ತಾಯಂದಿರು ಬರೆದ ಚಿತ್ರಗಳಿಗೇ ಬಹುಮಾನ ಹೋಯಿತು. ನಗೆಕೂಟದವರು ಮುಂದಿನ ಸಾಲಿನಲ್ಲಿ ಯಾರು ನಿಂತು ನಗಬೇಕೆಂದು ಜಗಳವಾಡಿ, ಎರಡು ಗುಂಪಾಗಿ, ಈಗ ಒಂದು ಗುಂಪು ನಕ್ಕರೆ ಇನ್ನೊಂದು ಗುಂಪು ತಮ್ಮನ್ನೇ ನೋಡಿ ನಕ್ಕರೆಂದು ದೂರು ಕೊಡುತ್ತದೆ. ಇವೆಲ್ಲ ಹೋಗಲಿ. ನನ್ನನ್ನು ಮಣಿಸಿದ್ದು ನಡಿಗೆ. ನಡಿಗೆಗೆ ಸ್ಟ್ರೈಕರ್ ಬೇಡ, ಬಹುಮಾನ ಬೇಡ, ನಗಬೇಕಾಗಿಯೂ ಇಲ್ಲ. ಎರಡು ಕಾಲಿದ್ದರೆ ಸಾಕು ಎಂದುಕೊಂಡಿದ್ದೆ.

ನಮ್ಮ ಉದ್ಯಾನದ ನಡುವೆ ಒಂದು ಅರಳಿ ಮರವಿದೆ. ಅದರ ಬುಡಕ್ಕೆ ಕಟ್ಟೆ, ಕಟ್ಟೆಯ ಮೇಲೆ ನಾಗರಕಲ್ಲು. ಇವನ್ನೆಲ್ಲ ಬಳಸಿಕೊಂಡು ನಡೆಯುವ ದಾರಿ. ರಾಯಚೂರು ಕಡೆಯಿಂದ ಈ ತೆಲುಗು ಊರಿಗೆ ಬಂದ ನಮ್ಮಂಥ ಮನೆಗಳ ಹೆಂಗಸರು ಮರವನ್ನು ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆಯಂತೆ ಸುತ್ತುತ್ತಾರೆ. ನಿವೃತ್ತ ಗಂಡಸರು ಕ್ರೀಡಾಂಗಣದಲ್ಲಿ ಓಡುವವರ ಹಾಗೆ ಮರವನ್ನು ಎಡಕ್ಕಿಟ್ಟುಕೊಂಡು ಸುತ್ತುತ್ತಾರೆ. ಅವರ ಮುಂದಾಳು ರಾವುಗಾರು, ರೈಲ್ವೆಯಲ್ಲಿದ್ದವರು, ಈಗಲೂ ಸಿಗ್ನಲ್ ಸಿಕ್ಕವರಂತೆ ನಡೆಯುತ್ತಾರೆ. ಹೀಗೆ ಎರಡು ಪ್ರವಾಹಗಳು ಎದುರುಬದುರು ಹರಿಯುತ್ತ ಎಷ್ಟೋ ವರ್ಷ ಕಳೆದಿದ್ದವು.

ಸಂಕ್ರಾಂತಿಯ ಮಾರನೆಯ ದಿನ ನಲ್ಲಿಯ ಮೂಲೆಯಲ್ಲಿ ರಾವುಗಾರು ಮತ್ತು ನಮ್ಮ ಸುಶೀಲಾ ಕಾಕು ಡಿಕ್ಕಿ ಹೊಡೆದರು. ಕಾಕು, ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ, ನಮ್ಮ ಮನೆಯಲ್ಲೇ ಇರುತ್ತಾರೆ. ಹೋದ ವರ್ಷ ಕಾಕಾ ತೀರಿಕೊಂಡ ಮೇಲೆ ಮನೆಯ ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದರು. ಸಕ್ಕರೆ ಕಾಯಿಲೆ ಏರಿ, ನಡೆಯಲೇಬೇಕೆಂದು ಡಾಕ್ಟರು ಗದರಿದ ಮೇಲೆ, ಅವ್ವ ಕೈಹಿಡಿದು ಉದ್ಯಾನಕ್ಕೆ ಕರೆತಂದಿದ್ದಳು. ಆಮೇಲೆ ತಾವೇ ಬರತೊಡಗಿದರು. ತಾವು ತಿನ್ನಬಾರದ ಸಕ್ಕರೆಯನ್ನು ರವೆಯಲ್ಲಿ ಕಲಸಿ ಸ್ಟೀಲ್ ಡಬ್ಬಿಯಲ್ಲಿ ತಂದು ಮರದ ಬುಡದ ಇರುವೆಗಳಿಗೆ ಹಾಕುತ್ತಿದ್ದರು. ಡಿಕ್ಕಿಯಲ್ಲಿ ಡಬ್ಬಿ ಬಿತ್ತು, ರಾವುಗಾರ ಕನ್ನಡಕ ಬಿತ್ತು, ಇರುವೆಗಳಿಗೆ ಹಬ್ಬವಾಯಿತು. ಅವರು ಇವರ ಕ್ಷಮೆ ಕೇಳಿದರು, ಇವರು ಅವರ ಕ್ಷಮೆ ಕೇಳಿದರು. ಕಾರ್ಯದರ್ಶಿ ಎಂಬೊಬ್ಬಳು ಇಲ್ಲದಿದ್ದರೆ ಸಂಗತಿ ಅಲ್ಲಿಗೇ ಮುಗಿಯುತ್ತಿತ್ತು.

ಪೇಂಟರ್ ಖಾಜಾ ಭಾಯಿಯನ್ನು ಕರೆಸಿ ನಾಲ್ಕು ಮೂಲೆಗೆ ನಾಲ್ಕು ಹಲಗೆ ನೆಡಿಸಿದೆ. ಪ್ರತಿ ಹಲಗೆಯ ಮೇಲೂ ಕೆಂಪು ಬಾಣ, ಕ್ರೀಡಾಂಗಣದ ದಿಕ್ಕಿಗೆ. ರಾವುಗಾರು ನನ್ನ ಬೆನ್ನು ತಟ್ಟಿದರು. ಹೆಂಗಸರು ಹಲಗೆಯ ಮುಂದೆ ನಿಂತು ಓದಿ, ಮರವನ್ನೊಮ್ಮೆ ನೋಡಿ, ನನ್ನನ್ನು ನೋಡಿದರು. ದೇವರನ್ನು ಎಡಕ್ಕಿಟ್ಟುಕೊಂಡು ಸುತ್ತಿದರೆ ಏನಾಗುತ್ತದೆಂದು ಗೊತ್ತಿದೆಯೇ ಎಂದು ಒಬ್ಬರು ಕೇಳಿದರು. ಇನ್ನೊಬ್ಬರು ಪರಿಹಾರವನ್ನೂ ಸೂಚಿಸಿದರು. "ಬಾಣ ಇದ್ದ ಕಡೇನ ಹೋಗ್ತೀವಿ, ಆದ್ರ ಹಿಂದ ಹಿಂದಕ ನಡೀತೀವಿ. ನಿನ್ನ ಬಾಣಾನೂ ಉಳೀತೈತಿ, ದೇವರೂ ಬಲಕ್ಕ ಉಳೀತಾನ." ಮನೆಗೆ ಹೋಗಿ ಕಾಗದದ ಮೇಲೆ ವೃತ್ತ ಬರೆದು ನೋಡಿದೆ. ಲೆಕ್ಕ ಸರಿಯಾಗಿತ್ತು. ಅದರಿಂದಲೇ ಹೆಚ್ಚು ಸಿಟ್ಟು ಬಂತು.

ಬಾಣ ತಿರುಗಿಸಿದೆ. ಈಗ ಗಂಡಸರು ಮುನಿದರು. ಹೀಗೆ ಸುತ್ತಿದರೆ ಬಲ ಮೊಣಕಾಲಿಗೆ ಭಾರವೆಂದು ರಾವುಗಾರು ತಮ್ಮ ಎಕ್ಸ್‌ರೇಯನ್ನು ಉದ್ಯಾನಕ್ಕೇ ತಂದು ಸೂರ್ಯನಿಗೆ ಹಿಡಿದು ತೋರಿಸಿದರು. ಆಗ ನಾನು ಒಂದು ಕೋಷ್ಟಕ ಮಾಡಿದೆ. ಸೋಮ, ಬುಧ, ಶುಕ್ರ ಪ್ರದಕ್ಷಿಣೆ. ಮಂಗಳ, ಗುರು, ಶನಿ ಕ್ರೀಡಾಂಗಣ. ಭಾನುವಾರ ಪ್ರದಕ್ಷಿಣೆ ಒಂದು ವಾರ, ಕ್ರೀಡಾಂಗಣ ಒಂದು ವಾರ. ನ್ಯಾಯ ಎಂದರೆ ಹೀಗಿರಬೇಕು ಎಂದುಕೊಂಡು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ. ಅರಳಿ ಮರಕ್ಕೆ ಶನಿವಾರವೇ ವಿಶೇಷವೆಂಬುದು, ಹುಟ್ಟಿದಾಗಿನಿಂದ ಅವ್ವನ ಜೊತೆ ಶನಿವಾರ ಶನಿವಾರ ಆ ಮರ ಸುತ್ತಿದ ನನಗೆ ಹೊಳೆಯಲೇ ಇಲ್ಲ. ಕೋಷ್ಟಕದಲ್ಲಿ ಶನಿವಾರಕ್ಕೂ ಗುರುವಾರಕ್ಕೂ ಏನು ವ್ಯತ್ಯಾಸ? ಆ ಶನಿವಾರ ಉದ್ಯಾನದಲ್ಲಿ ನಡೆದದ್ದನ್ನು ದಿನಚರಿಯಲ್ಲಿ ಬರೆದಿದ್ದೇನೆ, ಇಲ್ಲಿ ಬರೆಯುವುದಿಲ್ಲ. ಖಾಜಾ ಭಾಯಿಯಂತೂ ಡಬ್ಬಿ ಬ್ರಷ್ಷು ಹಿಡಿದು ಬೆಳಿಗ್ಗೆ ತಾನಾಗಿಯೇ ಗೇಟಿನಲ್ಲಿ ನಿಲ್ಲತೊಡಗಿದ. "ಆಜ್ ಕಿಧರ್ ಘುಮಾನಾ, ಮೇಡಂ?" ಇವತ್ತು ಯಾವ ಕಡೆ ತಿರುಗಿಸಲಿ ಎಂದು ಅಷ್ಟು ವಿನಯದಿಂದ ನನ್ನನ್ನು ಆಫೀಸಿನಲ್ಲೂ ಯಾರೂ ಕೇಳಿಲ್ಲ.

ಕೊನೆಗೆ ಜನ ಬಾಣಕ್ಕೆ ಹೊಂದಿಕೊಂಡರು. ಎಲ್ಲರೂ ಒಂದೇ ದಿಕ್ಕಿಗೆ, ಒಬ್ಬರ ಹಿಂದೊಬ್ಬರು, ಡಿಕ್ಕಿಯಿಲ್ಲದೆ ನಡೆದರು. ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಕಾಕು ಬರುವುದನ್ನು ನಿಲ್ಲಿಸಿದರು. ಮೊದಲು ಮಂಡಿ ನೋವು ಎಂದರು, ಆಮೇಲೆ ಚಳಿ ಎಂದರು. ಮತ್ತೆ ಹಿಂದಿನಂತೆ ಗೋಡೆಗೆ ಮುಖ ಮಾಡಿ ಮಲಗತೊಡಗಿದರು. ಸಕ್ಕರೆ ಏರಿತು. ಅದು ಏರಿದ್ದು ಮೊದಲು ತಿಳಿದದ್ದು ನನಗೇ, ಯಾಕೆಂದರೆ ಬೆಳಿಗ್ಗೆ ಅವರ ಬೆರಳು ಚುಚ್ಚಿ ಬರೆದುಕೊಳ್ಳುವವಳು ನಾನೇ. "ಭಾಳ ಕಷ್ಟಪಟ್ಟು ಹೊರಗ ತಂದಿದ್ದೆ," ಎಂದಳು ಅವ್ವ. "ನಿನ್ನ ಬಾಣ ಅವರನ್ನ ಮತ್ತ ಒಳಗ ಹಾಕಿತು ನೋಡು."

ನಿನ್ನೆ ಸಂಜೆ ಕಾಕುವಿನ ಪಕ್ಕದಲ್ಲಿ ಕೂತೆ. ಶನಿವಾರವನ್ನು ದೇವರಿಗೇ ಬಿಟ್ಟುಕೊಡುತ್ತೇನೆ, ಬೇಕಾದರೆ ಗುರುವಾರವನ್ನೂ ಕೊಡುತ್ತೇನೆ, ಬನ್ನಿ ಎಂದೆ. ಕಾಕು ನಕ್ಕರು.

"ದೇವರ ಮಾತು ಬಿಡವಾ. ಅಂವಾ ಯಾವ ಕಡಿಂದ ಬಂದ್ರೂ ನೋಡ್ತಾನ. ನೀ ಬಾಣ ಹಾಕಿದ ಮ್ಯಾಲೆ ನನಗ ಬರೇ ಬೆನ್ನು ಕಾಣಾಕತ್ತಾವು. ನನ್ನ ನಡಿಗಿ ಸಾವಕಾಶ. ಹಿಂದಿನವರು ದಾಟಿ ಹೋಗ್ತಾರ, ಅವರದೂ ಬೆನ್ನ. ಮೊದಲ ಎಲ್ಲಾರೂ ಎದುರಿಗೆ ಬರತಿದ್ರು. ರಾವುಗಾರು ಒಂದೊಂದು ಸುತ್ತಿನ್ಯಾಗ ಎರಡು ಸಲ 'ಬಾಗುನ್ನಾರಾ ಅಮ್ಮಾ' ಅಂತಿದ್ರು. ಆರಾಮ ಇದ್ದೀರೇನು ಅಂತ. ನನಗ ಬರೋ ತೆಲುಗು ಅಷ್ಟ. ದಿನಾ ಅದ ಮಾತು, ಖರೆ. ಆದ್ರೂ ಕೇಳತಿದ್ರಲ್ಲ."

ಮನೆಯಲ್ಲಿ ನಾವಿಲ್ಲವೇ ಎಂದೆ.

"ಇದ್ದೀರಿ. ನೀ ದಿನಾ ಸಕ್ಕರಿ ಎಷ್ಟಂತ ನೋಡ್ತಿ, ಬರಕೋತಿ, ಹೋಗ್ತಿ. ಆರಾಮ ಇದ್ದೀರೇನ್ರಿ ಅಂತ ಎಂದಾದ್ರೂ ಕೇಳಿಯೇನು?"

ದಿನಚರಿ ತೆಗೆದು ಹುಡುಕಿದೆ. ಹಾಲು ಬಂದ ಹೊತ್ತು ಇತ್ತು.

ಕತ್ತಲಾಗುವ ಮೊದಲೇ ಖಾಜಾ ಭಾಯಿಯನ್ನು ಕರೆಸಿ ನಾಲ್ಕೂ ಹಲಗೆ ಕೀಳಿಸಿದೆ. ಅವನ ಮುಖ ಸಣ್ಣದಾಯಿತು. ಒಳ್ಳೆಯ ಗಿರಾಕಿಯೊಬ್ಬಳು ಊರು ಬಿಟ್ಟು ಹೊರಟಂತೆ ನನ್ನನ್ನು ನೋಡಿದ. ಅದಕ್ಕೇ ಈಗ ಬೆಂಚಿನ ಮೇಲೆ ಕಾಯುತ್ತಿದ್ದೇನೆ. ಕಾಕು ಬರುತ್ತೇನೆಂದೂ ಹೇಳಿಲ್ಲ, ಬರುವುದಿಲ್ಲವೆಂದೂ ಹೇಳಿಲ್ಲ. ಆರೂವರೆಗೆ ಗಂಡಸರು ಬಂದು ಬಾಣ ಕಾಣದೆ ಕಕ್ಕಾಬಿಕ್ಕಿಯಾಗಿ ನಿಂತರು. ನಿಯಮ ಇಲ್ಲದಿದ್ದರೆ ಹೇಗೆ ನಡೆಯುವುದೆಂದು, ಆ ನಿಯಮವನ್ನೇ ಇಷ್ಟು ದಿನ ಬೈದ ರಾವುಗಾರು ನನ್ನನ್ನು ಕೇಳಿದರು. ನಾನು ತಲೆ ಎತ್ತದೆ ಬರೆಯುತ್ತಿದ್ದೆ.

ಆರೂ ಮುಕ್ಕಾಲಕ್ಕೆ ಗೇಟು ಕಿರುಗುಟ್ಟಿತು. ಕೈಯಲ್ಲಿ ಸ್ಟೀಲ್ ಡಬ್ಬಿ. ಕಾಕು ಮರವನ್ನು ಬಲಕ್ಕಿಟ್ಟುಕೊಂಡು ಸಾವಕಾಶ ಹೊರಟರು. ನಲ್ಲಿಯ ಮೂಲೆಯಲ್ಲಿ ರಾವುಗಾರು ಎದುರಾದರು, 'ಬಾಗುನ್ನಾರಾ ಅಮ್ಮಾ' ಎಂದು ಕೇಳಿದರು, ಆರಾಮ ಎಂಬ ಉತ್ತರ ಸಿಕ್ಕಿತು. ಇಬ್ಬರೂ ದಾರಿ ಬಿಟ್ಟುಕೊಟ್ಟು ಮುಂದೆ ಹೋದರು. ಇದನ್ನು ಬರೆದುಕೊಳ್ಳುವ ಮೊದಲು ನಾನೂ ಎದ್ದು ಕೇಳಬೇಕೆನಿಸಿ, ಪೆನ್ನು ಹಿಡಿದೇ ಅವಸರದಲ್ಲಿ ಎದುರಿಗೆ ನುಗ್ಗಿದೆ. ಕಾಕುವಿನ ಡಬ್ಬಿ ಮತ್ತೆ ಬಿತ್ತು. ಸಕ್ಕರೆ ರವೆಯಲ್ಲಿ ಮೊಣಕಾಲೂರಿ, ಆರಾಮ ಇದ್ದೀರೇನ್ರಿ ಕಾಕು ಎಂದು ಕೇಳಿದೆ. "ಇಷ್ಟೊತ್ತು ಇದ್ದೆ," ಎಂದರು.

ನಿಮ್ಮ ಊರಿನ ಉದ್ಯಾನದಲ್ಲಿ ಜನ ಯಾವ ಕಡೆಗೆ ಸುತ್ತುತ್ತಾರೆ, ನಡುವೆ ಮರವಿದ್ದರೆ ಏನು ಮಾಡುತ್ತಾರೆ, ನಗೆಕೂಟದವರನ್ನು ಒಂದುಗೂಡಿಸುವ ಉಪಾಯವೇನಾದರೂ ಇದೆಯೇ, ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಮಾತಿನಲ್ಲಿ ಬರೆದರೆ ಸಾಕು, ಬಾಣ ಹಾಕಬೇಡಿ. ಪತ್ರದ ಮೊದಲ ಸಾಲಿನಲ್ಲಿ ನಾನು ಆರಾಮ ಇದ್ದೇನೆಯೇ ಎಂದು ಕೇಳಿದರೆ, ಅದನ್ನೂ ಬರೆದಿಟ್ಟುಕೊಳ್ಳುತ್ತೇನೆ.