ಬಯಕೆಯ ಟೊಮೇಟೊ

ಬಸುರಿ ಹೆಂಡತಿಯ ಬಯಕೆ ತೀರಿಸುವುದು ಗಂಡನ ಧರ್ಮ ಎಂದು ಮೊದಲು ಹೇಳಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಅವನ ಹೆಂಡತಿಗೆ ಖಂಡಿತ ಮಾವಿನಕಾಯಿ ಮೇಲೆ ಆಸೆಯಾಗಿರಬೇಕು. ಕಲ್ಲೆಸೆದರೆ ಮಾವಿನಕಾಯಿ ಬೀಳುತ್ತದೆ. ಹುಣಸೆಹಣ್ಣಾದರೆ ಅಡುಗೆಮನೆಯ ಜಾಡಿಯಲ್ಲೇ ಇರುತ್ತದೆ. ಕೆಲವರಿಗೆ ಮಣ್ಣು ತಿನ್ನುವ ಚಪಲವಂತೆ. ನಾವಿರುವ ಕಾಫಿ ಎಸ್ಟೇಟಿನಲ್ಲಿ ಮಣ್ಣಿಗೇನು ಬರ? ನನ್ನ ಹೆಂಡತಿ ಗಿರಿಜೆಗೆ ಟೊಮೇಟೊ ಬೇಕು ಅನ್ನಿಸಿತು. ಇಷ್ಟೇ ತಾನೆ ಎಂದು ಬೆಳಗೋಡಿನಿಂದ ಚೀಲದ ತುಂಬ ತಂದು ಸುರಿದೆ. ಅವಳು ಒಂದನ್ನೆತ್ತಿ ನೆಲಕ್ಕೆ ಹಾಕಿದಳು. ಅದು ಪುಟಿದು ಮಂಚದ ಕೆಳಗೆ ಉರುಳಿಹೋಯಿತು. "ಇದು ಟೊಮೇಟೊನಾ? ಚೆಂಡು ಕಣ್ರೀ ಇದು. ನಾನು ಚಿಕ್ಕೋಳಿದ್ದಾಗ ನಮ್ಮನೇಲಿ ಬಿಡ್ತಿತ್ತಲ್ಲ, ಒಂದು ಹಣ್ಣು ಹಿಡಿಯಕ್ಕೆ ಎರಡು ಕೈ ಬೇಕು, ಅದು ಬೇಕು ನಂಗೆ" ಎಂದಳು.

ಅದೊಂದು ಹಳೇ ತಳಿ. ಯಾವ ಕಾಲದಲ್ಲೋ ಬಿಳಿ ದೊರೆಗಳು ಬಂಗಲೆಯ ಹಿತ್ತಲಿಗೆ ತಂದು ಹಾಕಿದ್ದಂತೆ. ಅಲ್ಲಿಂದ ಕೈಯಿಂದ ಕೈಗೆ ದಾಟಿ ಮಗ್ಗೆಯವರೆಗೂ ಹೋಗಿ ನನ್ನ ಮಾವನ ಮನೆಯ ಬಚ್ಚಲ ಹಿಂದೆ ಬೇರು ಬಿಟ್ಟಿತ್ತು. ಹೊರಗೆ ಕುಂಬಳಕಾಯಿಯ ಹಾಗೆ ಗೆರೆ ಗೆರೆ, ಒಳಗೆಲ್ಲ ತಿರುಳು, ಬೀಜ ಕಡಿಮೆ. ಬಿಲ್ಲೆ ಕೊಯ್ದು ಉಪ್ಪು, ಮೆಣಸಿನಪುಡಿ ಉದುರಿಸಿ ತಿನ್ನಬೇಕು. ಆದರೆ ತೊಟ್ಟಿನ ಹತ್ತಿರ ಬಿರಿಯುವ ಜಾತಿ, ಸಂತೆಗೆ ಹೊತ್ತರೆ ದಾರಿಯಲ್ಲೇ ಸಾರಾಗುತ್ತದೆ. ಹಾಗಾಗಿ ಎಲ್ಲರೂ ಹೈಬ್ರಿಡ್ ಹಿಡಿದರು, ಮಾವನವರೂ ಹಿಡಿದರು, ಬೀಜ ಹೋಯಿತು. ಗಿರಿಜೆ ಮಾತ್ರ ಆ ಹಣ್ಣಿನ ರುಚಿ ಹೇಳಲು ಶುರುಮಾಡಿದರೆ ಅವಳ ಕಣ್ಣು ನಮ್ಮ ಕ್ವಾರ್ಟರ್ಸಿನಲ್ಲಿ ಇರುತ್ತಲೇ ಇರಲಿಲ್ಲ. ಕೇಳಿ ಕೇಳಿ, ಕಂಡೇ ಇಲ್ಲದ ಹಣ್ಣಿಗೆ ನನ್ನ ಬಾಯಲ್ಲೂ ನೀರೂರುತ್ತಿತ್ತು.

ಕೊನೆಗೆ ಬೀಜ ಸಿಕ್ಕಿದ್ದು ಕೆ. ಹೊಸಕೋಟೆಯಲ್ಲಿ, ಗಿರಿಜೆಯ ಸೋದರತ್ತೆಯ ಮನೆಯಲ್ಲಿ. ಆ ಅಜ್ಜಿ ಹಣ್ಣಿನ ಬೀಜವನ್ನು ಒಲೆಯ ಬೂದಿಯಲ್ಲಿ ಕಲಸಿ ಅಡುಗೆಮನೆ ಗೋಡೆಗೆ ಬಿಲ್ಲೆ ತಟ್ಟಿಟ್ಟಿದ್ದರು. ಅದರಲ್ಲೊಂದನ್ನು ಚಾಕುವಿನಿಂದ ಎಬ್ಬಿಸಿ ನನ್ನ ಕೈಗೆ ಹಾಕಿ, "ಬಸ್ರಿ ಬಯಕೆ ತೀರಿಸ್ದೇ ಇದ್ರೆ ಹುಟ್ಟೋ ಮಗೀಗೆ ಕಿವಿ ಸೋರ್ತದೆ ಕಣಪ್ಪ. ಉದಾಸೀನ ಮಾಡ್ಬ್ಯಾಡ" ಎಂದು ಹೆದರಿಸಿ ಕಳಿಸಿದರು. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೂ ಬಸ್ಸಿನಲ್ಲಿ ಆಲೂರಿನವರೆಗೆ ನನ್ನ ಕಿವಿಯನ್ನೇ ಮುಟ್ಟಿ ಮುಟ್ಟಿ ನೋಡಿಕೊಂಡೆ.

ಇನ್ನು ನನ್ನ ಕೃಷಿ ಪಾಂಡಿತ್ಯ. ನಾನು ಎಸ್ಟೇಟ್ ರೈಟರ್; ಆಳುಗಳ ಹಾಜರಿ ಬರೆಯುವುದು, ತೋಟ ಸುತ್ತುವುದು, ಕಾಫಿ ಬಿಟ್ಟರೆ ಬೇರೆ ಗಿಡದ ಸಹವಾಸವೇ ಇಲ್ಲ. ಆದ್ದರಿಂದ ಸಸಿಗಳನ್ನು ಒಳ್ಳೆ ಮರದ ನೆರಳು ಹುಡುಕಿ ನೆಟ್ಟೆ. ಅವು ಬಿಸಿಲು ಕಾಣದೆ ನೂಲಿನ ಹಾಗೆ ಬೆಳೆದವು. ಕಿತ್ತು ಬಿಸಿಲಿಗೆ ನೆಟ್ಟೆ. ಎದೆಮಟ್ಟ ಬಂದಾಗ ಕಾಫಿ ಗಿಡದ ಹಾಗೆ ನೆತ್ತಿ ಮುರಿದೆ. ಹೂವು ಇದ್ದದ್ದೇ ನೆತ್ತಿಯಲ್ಲಿ. ಕಾಫಿಯ ಕೊಳೆರೋಗಕ್ಕೆಂದು ತಂದು ಸ್ಟೋರಿನಲ್ಲಿ ಉಳಿದಿದ್ದ ಬೋರ್ಡೋ ದ್ರಾವಣ ಹೊಡೆದೆ. ಗಿಡ ಎಲ್ಲ ನೀಲಿಯಾಗಿ ದೃಷ್ಟಿಬೊಂಬೆಯ ಹಾಗೆ ನಿಂತುಕೊಂಡವು. ಆಳುಗಳ ಲೈನಿನ ಮನೆಯ ಪುಟ್ಟಮ್ಮ ನೀರಿಗೆ ಹೋಗುವಾಗೆಲ್ಲ ಬೇಲಿಯ ಆಚೆ ನಿಂತು, "ರೈಟ್ರೇ, ಇವತ್ತು ನಿಮ್ ಗಿಡ ಎಲ್ಲಾ ಹಾಜರಾ? ಯಾರೂ ಚಕ್ಕರ್ ಹೊಡ್ದಿಲ್ವಾ?" ಎಂದು ನಗುತ್ತಿದ್ದಳು. ಗಿರಿಜೆಯೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳು ನಗುವುದನ್ನು ನೋಡಲಿಕ್ಕಾಗಿಯೇ ಒಂದೆರಡು ತಪ್ಪು ಹೆಚ್ಚಿಗೆ ಮಾಡಿದೆ ಎಂದರೆ ನೀವು ನಂಬಬೇಕಾಗಿಲ್ಲ.

ಪಕ್ಕದಲ್ಲಿ ಚಿಗುರಿ ಮತ್ತೆ ಬಂದ ಹೂವು ಕಾಯಿಗೆ ತಿರುಗುವ ಹೊತ್ತಿಗೆ ಸೀಮಂತವಾಗಿ ಗಿರಿಜೆ ಹೆರಿಗೆಗೆ ಮಗ್ಗೆಗೆ ಹೋದಳು. ಮನೆಯಲ್ಲಿ ನಾನೊಬ್ಬ, ಹಿತ್ತಲಲ್ಲಿ ಗಿಡಗಳು. ಅನ್ನ ತಳ ಹಿಡಿದರೂ ಬೈಯುವವರಿಲ್ಲ. ಕೆಲಸ ಮುಗಿಸಿ ಬಂದವನು ನೇರ ಹಿತ್ತಲಿಗೆ ಹೋಗಿ, ಕಾಯಿ ಎಷ್ಟು ದಪ್ಪವಾಗಿದೆ ಎಂದು ಅಂಗೈಯಲ್ಲಿ ಹಿಡಿದು ನೋಡುತ್ತಿದ್ದೆ, ಗಿರಿಜೆಗೆ ವರದಿ ಒಪ್ಪಿಸುವವನ ಹಾಗೆ ಗಿಡದ ಜೊತೆ ಮಾತಾಡುತ್ತಿದ್ದೆ. ಒಂದು ದಿನ ಬೆಳಗಿನ ಬಸ್ಸು ಗೇಟಿನ ಹತ್ತಿರ ನಿಧಾನ ಮಾಡಿತು, ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ, "ರೈಟ್ರೇ, ಹೆಣ್ಣು ಮಗು ಅಂತೆ! ಮಗ್ಗೆಯಿಂದ ಹೇಳಿ ಕಳ್ಸವ್ರೆ!" ಎಂದು ಇಡೀ ಎಸ್ಟೇಟಿಗೆ ಕೇಳುವಂತೆ ಕೂಗಿದ. ಅವತ್ತೇ ಓಡಿಹೋಗಿ ನೋಡಿಕೊಂಡು ಬಂದೆ. ಸರಿ, ಆಮೇಲೆ? ನಾಮಕರಣ ಮೂರು ತಿಂಗಳಿಗೆ. ಅಲ್ಲಿಯವರೆಗೆ ಅಳಿಯನಾದವನು ಸುಮ್ಮಸುಮ್ಮನೆ ಹೋಗಿ ಜಗಲಿಯ ಮೇಲೆ ಕೂತರೆ ಕೇರಿಯವರು ನಗುತ್ತಾರೆ. ಏನಾದರೂ ನೆವ ಬೇಕು. ಮಗುವಿನ ಮುಖ ಆಗಲೇ ಸರಿಯಾಗಿ ನೆನಪಿಗೆ ಬರುತ್ತಿರಲಿಲ್ಲ. ಆ ಯೋಚನೆ ನನ್ನನ್ನು ಕೊರೆಯುತ್ತಿತ್ತು.

ಅಷ್ಟರಲ್ಲಿ ಗಿಡದಲ್ಲಿ ಒಂದು ಹಣ್ಣು ಕೆಂಪಾಯಿತು. ಅಬ್ಬಾ, ಏನು ಹಣ್ಣು! ನಿಜವಾಗಿಯೂ ಎರಡು ಕೈ ಬೇಕು. ಉಳಿದ ಆರೇಳು ಇನ್ನೂ ದೋರುಗಾಯಿ. ಆಗ ತೋಟದಲ್ಲಿ ಕೊನೆಯ ಕೊಯ್ಲು ನಡೆಯುತ್ತಿತ್ತು. ಆ ಸುತ್ತಿನಲ್ಲಿ ಹಣ್ಣು ಕಾಯಿ ಎಂದು ನೋಡುವುದಿಲ್ಲ, ಗಿಡದಲ್ಲಿರುವುದನ್ನೆಲ್ಲ ಬಳಿದು ಚೀಲಕ್ಕೆ ತುಂಬುವುದು. ದಿನವಿಡೀ "ಒಂದೂ ಬಿಡಬೇಡ್ರೀ" ಎಂದು ಕೂಗಿ ಬಂದವನು ಅದೇ ಭರದಲ್ಲಿ ಹಿತ್ತಲಿಗೂ ನುಗ್ಗಿ ಗಿಡ ಬರಿದು ಮಾಡಿದೆ. ಹುಲ್ಲು ಹಾಸಿ ಚೀಲದಲ್ಲಿಟ್ಟು, ಭಾನುವಾರ ಆಲೂರಿನಲ್ಲಿ ಬಸ್ಸು ಬದಲಾಯಿಸಿ, ಮದುಮಗನ ಹಾಗೆ ಮಗ್ಗೆಯಲ್ಲಿ ಇಳಿದೆ.

ಅತ್ತೆ ಚೀಲದೊಳಗೆ ಇಣುಕಿದವರೇ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ಶಿವನೇ! ಹಸಿ ಬಾಣಂತಿಗೆ ಟಮಾಟೆ ಹಣ್ಣಾ ಅಳಿಯಂದ್ರೇ? ಹುಳಿ ತಿಂದ್ರೆ ಮಗೀಗೆ ಶೀತ ಆಗ್ಬುಡ್ತದೆ! ಯಾರೂ ಹೇಳ್ಲಿಲ್ವಾ ನಿಮ್ಗೆ?" ಯಾರು ಹೇಳಬೇಕು? ಬಯಕೆಯ ಶಾಸ್ತ್ರ ಹೇಳಿದ ಹೊಸಕೋಟೆಯ ಅಜ್ಜಿ ಬಾಣಂತನದ ಶಾಸ್ತ್ರ ಹೇಳಿರಲಿಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಒಳಗೆ ಹೋಗಿ ಮೊದಲು ಮಗುವಿನ ಕಿವಿ ನೋಡಿದೆ. ಎರಡೂ ಒಣಗಿ ಚೆನ್ನಾಗಿದ್ದವು. ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದ ಗಿರಿಜೆ, "ಮೂಸಿಯಾದ್ರೂ ನೋಡ್ತೀನಿ ಕೊಡಿ" ಎಂದು ಆ ಕೆಂಪು ಹಣ್ಣನ್ನು ಈಸಿಕೊಂಡು ಮುಖಕ್ಕೆ ಒತ್ತಿಕೊಂಡಳು. ಬಹಳ ಹೊತ್ತು ಹಾಗೇ ಇದ್ದಳು. ಅತ್ತೆ ಬಂದು ಹಣ್ಣನ್ನು ಕಸಿದುಕೊಂಡು ಹೋಗಿ, ಬಿಲ್ಲೆ ಕೊಯ್ದು, ಉಪ್ಪು ಖಾರ ಉದುರಿಸಿ, ತಟ್ಟೆಯಲ್ಲಿ ನನಗೇ ತಂದಿಟ್ಟರು.

ಅವಳ ಎದುರಿಗೇ ಕೂತು ತಿಂದೆ. ಅಂಥ ರುಚಿ ನಾನು ಕಂಡಿರಲಿಲ್ಲ. "ಹೆಂಗಿದೆ?" ಎಂದಳು. "ಏನೋ ಪರವಾಗಿಲ್ಲ, ಚಪ್ಪೆ" ಎಂದೆ. "ಸುಳ್ಳು ಹೇಳ್ಬೇಡಿ, ಗಲ್ಲದ ಮೇಲೆ ರಸ ಸುರೀತಿದೆ" ಎಂದು ನಕ್ಕಳು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ದನಿ ಇಳಿಸಿ, "ಗಿಡದಲ್ಲಿ ಇನ್ನೂ ಎಷ್ಟು ಬಿಟ್ಟು ಬಂದಿದೀರಿ?" ಎಂದು ಕೇಳಿದಳು.

"ಒಂದೂ ಇಲ್ಲ! ಎಲ್ಲಾ ಬಳಿದು ತಂದಿದೀನಿ" ಎಂದೆ ಹೆಮ್ಮೆಯಿಂದ.

ಗಿರಿಜೆ ನನ್ನನ್ನೇ ನೋಡಿದಳು. "ಅಯ್ಯೋ ನಿಮ್ಮ ಬುದ್ಧಿಗಿಷ್ಟು! ಒಂದೊಂದಾಗಿ ಹಣ್ಣಾಗಕ್ಕೆ ಬಿಟ್ಟು ಒಂದೊಂದೇ ತಂದಿದ್ರೆ ವಾರ ವಾರ ಬರ್ಬಹುದಿತ್ತಲ್ರೀ. ಅಮ್ಮ ಬೈದ್ರೆ ಬೈಕೊಳ್ಳಲಿ, ನೀವು ಬಂದಂಗಾದ್ರೂ ಆಗ್ತಿತ್ತು."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಖಾಲಿ ಚೀಲ ತೊಡೆಯ ಮೇಲಿಟ್ಟುಕೊಂಡು, ಮುಂದಿನ ಸಲಕ್ಕೆ ಏನು ನೆವ ಬೆಳೆಯಲಿ ಎಂದು ಯೋಚಿಸಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸನ್ನು ಕೇಳಿದರೆ, ಬಾಣಂತಿಗೆ ಸಬ್ಬಸಿಗೆ ಸೊಪ್ಪು ಬಲು ಒಳ್ಳೇದು, ಬಿತ್ತಿದ ತಿಂಗಳಿಗೇ ಕೊಯ್ಯಬಹುದು ಎಂದರು. ತಿಂಗಳಿಗೇ ಅಂತೆ! ಒಂದು ತಿಂಗಳನ್ನು ಆಕೆ ಅದೆಷ್ಟು ಸಲೀಸಾಗಿ ಹೇಳಿಬಿಟ್ಟರು. ನಾನು ಬೆಳಗೋಡಿನಲ್ಲಿ ಇಳಿದವನೇ ಅಂಗಡಿಗೆ ಹೋಗಿ, ಬೀಜ ಬೇಡ, ಬೆಳೆದ ಸೊಪ್ಪಿನ ಕಟ್ಟೇ ಸಿಗುತ್ತದಾ ಎಂದು ವಿಚಾರಿಸಿದೆ.